ನಮ್ಮವರನ್ನು ಸೋಲಿಸಿದ ಜರ್ಮನಿಯವನು

ಆಗ ನನಗೆ ಇಪ್ಪತ್ತು. ಆ ಮಾತಿಗೆ ಈಗ ಎಪ್ಪತ್ತು ವರ್ಷದ ಮೇಲಾಯಿತು. ನನ್ನ ಗಂಡ ಮೊದಲನೆಯ ಚುನಾವಣೆಗೆ ನಿಂತು ಸೋತರು. ಯಾರ ಕೈಯಲ್ಲಿ ಸೋತರು ಎಂದರೆ ಲಿಂಗಸುಗೂರಿನ ಹಳಬರು ಸಿಂಧನೂರು ಕಡೆಯ ಒಬ್ಬ ಸಾವುಕಾರರ ಹೆಸರು ಹೇಳುತ್ತಾರೆ. ಸುಳ್ಳು! ನಮ್ಮವರನ್ನು ಸೋಲಿಸಿದವನು ಜರ್ಮನಿ ದೇಶದವನು. ಅದೂ ನಮ್ಮವರು ಹುಟ್ಟುವ ಮೊದಲೇ ಸತ್ತವನು! ನಗುತ್ತೀರಾ? ನಗಿರಿ. ಅವನ ಪಟಕ್ಕೆ ದಿನಾ ಊದಿನಕಡ್ಡಿ ಹಚ್ಚಿದವಳು ನಾನು, ನನಗೆ ನಗು ಬರಲಿಲ್ಲ.

ನಮ್ಮವರ ಹೆಸರು ಕೇಳಬೇಡಿ. ನಮ್ಮ ಕಾಲದಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುತ್ತಿರಲಿಲ್ಲ, ಈಗ ಕಲಿಯುವ ವಯಸ್ಸಲ್ಲ. ಜರ್ಮನಿಯವನ ಹೆಸರು ಹೇಳಲು ಅಡ್ಡಿಯಿಲ್ಲ, ಆದರೆ ಅದಕ್ಕೆ ನನ್ನ ನಾಲಿಗೆ ಹೊರಳುವುದಿಲ್ಲ.

ಪೋಲೀಸ್ ಆಕ್ಷನ್ ಆಗಿ, ನಮ್ಮ ನಿಜಾಮರ ಸೀಮೆ ದೇಶಕ್ಕೆ ಸೇರಿ, ರಜಾಕಾರರ ಗದ್ದಲ ಅಡಗಿದ ಮರುವರ್ಷ ಶುರುವಾದದ್ದು ಇದು. ಮಸ್ಕಿಯಲ್ಲಿ ನಮ್ಮದು ಒಕ್ಕಲುತನದ ಮನೆ. ಹೊಲ, ಬಾವಿ, ಎಮ್ಮೆ, ಯಾವುದಕ್ಕೂ ಕೊರತೆಯಿಲ್ಲ. ಲಗ್ನದ ಹೊಸತರಲ್ಲಿ ನಾನು ಬಾಯಿಬಿಟ್ಟು ಕೇಳಿದ್ದು ಒಂದೇ, ಹೊಲಿಗೆ ಮಷೀನು. ‘ಅದಕ್ಕೇನು, ತರ್ತೀನಿ’ ಎಂದು ನಮ್ಮವರು ಹೈದರಾಬಾದಿಗೆ ಹೋದರು. ತಿರುಗಿ ಬಂದಾಗ ಅವರ ಹಿಂದೆ ಒಂದು ಲಾರಿ ಬಂತು. ಹೊಲಿಗೆ ಮಷೀನಿಗೆ ಲಾರಿ ಯಾಕೆ ಎಂದು ಓಣಿಯೆಲ್ಲ ಹೊರಗೆ ಬಂದು ನಿಂತಿತು. ಹಮಾಲರು ಉಸ್ಸೆಂದು ಇಳಿಸಿದ ಆ ಕರಿ ಕಬ್ಬಿಣದ ಭೂತವನ್ನು ನೋಡಿ ನಾನು ಕೇಳಿದೆ:

‘ಏನ್ರಿ ಇದು?’

‘ಅಚ್ಚಿನ ಮಷೀನು. ಜರ್ಮನಿದು. ಪೇಪರ್ ತಗೀತೀನಿ.’

‘ನಾ ಹೇಳಿದ್ದು ಹೊಲಿಗಿ ಮಷೀನು.’

‘ಇದೂ ಕಾಲಿಲೇ ತುಳಿಯೂದು!’ ಎಂದರು. ಅಷ್ಟು ಕೇಳಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡರೋ ಏನೋ.

ಮಸ್ಕಿಯಲ್ಲಿ ಸುದ್ದಿ ಹುಟ್ಟುವುದಿಲ್ಲವಂತೆ, ಕಚೇರಿ ಇದ್ದಲ್ಲಿ ಹುಟ್ಟುತ್ತದಂತೆ. ಹಾಗಾಗಿ ಹೊಲ ಪಾಲಿಗೆ ಕೊಟ್ಟು, ಎಮ್ಮೆ ನೆರೆಮನೆಗೆ ಹೊಡೆದು, ಲಿಂಗಸುಗೂರಿನಲ್ಲಿ ಒಂದು ಮಾಳಿಗೆ ಮನೆ ಹಿಡಿದರು. ಅತ್ತೆಯೂ ನಾನೂ ಪಾತ್ರೆ ಹೊತ್ತುಕೊಂಡು ಹಿಂದೆ ಬಂದೆವು. ಪಡಸಾಲೆಯಲ್ಲಿ ಆ ಮಷೀನು ಕೊಬ್ಬಿದ ಎಮ್ಮೆಯ ಹಾಗೆ ನಿಂತಿತು. ಎಮ್ಮೆಯಾದರೆ ಹಾಲಾದರೂ ಕೊಡುತ್ತದೆ. ನಾವಿಬ್ಬರು ಹೆಂಗಸರು ಗೋಡೆ ಸವರುತ್ತ ಅಡ್ಡಡ್ಡಲಾಗಿ ನಡೆದು ಅಡುಗೆ ಮನೆ ಸೇರಬೇಕು. ಬೀಗರು ಬಂದರೆ ಹೊರಗಿನ ಕಟ್ಟೆಯ ಮೇಲೆಯೇ ನೀರು ಕುಡಿದು, ‘ಭಾಳ ಚಲೋ ಆತು’ ಎಂದು ಎದ್ದುಹೋಗುತ್ತಿದ್ದರು. ರೊಟ್ಟಿಯಲ್ಲಿ ಸೀಮೆಎಣ್ಣೆ ವಾಸನೆ, ಧೋತರದ ತುಂಬ ಶಾಯಿ. ಮಷೀನು ತುಳಿಯುವಾಗ ಗೋಡೆಯಲ್ಲಿನ ದೇವರ ಮಾಡದ ಗಂಟೆ ತಾನಾಗಿಯೇ ಬಾರಿಸಿಕೊಳ್ಳುತ್ತಿತ್ತು!

ನನಗೆ ಬೇಕಾದದ್ದು ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಮಸ್ಕಿಗೆ ವಾಪಸು ಹೋಗಬೇಕು. ಕಾಲು ಚಾಚಿ ಕೂಡಲು ನನ್ನದೊಂದು ಪಡಸಾಲೆ ಬೇಕು. ಆ ಪೇಪರು ಮುಚ್ಚಿಹೋಗಬೇಕು. ಅಷ್ಟೇ.

ಜರ್ಮನಿಯವನು ಮನೆಗೆ ಬಂದದ್ದು ಮಷೀನಿನ ಜೊತೆಗೇ. ಅದರ ಬಿಡಿ ಸಾಮಾನು ಸುತ್ತಿದ್ದ ಕಾಗದಗಳ ನಡುವೆ ಒಂದು ಉರ್ದು ಪುಸ್ತಕ ಸಿಕ್ಕಿತು. ನಮ್ಮವರು ನಿಜಾಮರ ಕಾಲದ ಶಾಲೆಯವರು, ಉರ್ದು ನೀರು ಕುಡಿದಂತೆ ಓದುತ್ತಿದ್ದರು. ಪುಸ್ತಕದಲ್ಲಿ ಜರ್ಮನಿಯ ಒಬ್ಬ ಪೇಪರಿನವನ ಕಥೆ. ಅವನೂ ಇವರ ಹಾಗೆ ಸಣ್ಣ ಊರಿನಲ್ಲಿ ಸಣ್ಣ ಪೇಪರು ತೆಗೆದ. ರಾಜನ ಮಂತ್ರಿಗಳ ಮೇಲೆ ಬರೆದ. ಜೇಲಿಗೆ ಹಾಕಿದರು. ಹೊರಗೆ ಬಂದು ಮತ್ತೆ ಬರೆದ, ಮತ್ತೆ ಹಾಕಿದರು. ಕೊನೆಗೆ ‘ಬರೆದರೆ ಸಾಲದು’ ಎಂದು ಚುನಾವಣೆಗೆ ನಿಂತು ಗೆದ್ದ. ಊಟಕ್ಕೆ ಕೂತರೆ ಜರ್ಮನಿಯವನು, ಎದ್ದರೆ ಜರ್ಮನಿಯವನು. ಪೇಪರಿನಲ್ಲಿಯೂ ವಾರವಾರ ಅವನದೇ ಕಥೆ. ಪುಸ್ತಕದಲ್ಲಿದ್ದ ಚಿತ್ರ ಕತ್ತರಿಸಿ, ಕಟ್ಟು ಹಾಕಿಸಿ, ದೇವರ ಮಾಡದ ಬಾಜೂಕ್ಕೆ ತೂಗುಹಾಕಿದರು.

ಎದೆಗೆ ಬಂದ ಗಡ್ಡ, ಗಂಭೀರ ಮುಖ. ನಮ್ಮ ಅತ್ತೆ ಯಾವುದೋ ಮಠದ ಅಜ್ಜನವರೆಂದು ತಿಳಿದು ವಿಭೂತಿ ಹಚ್ಚಿ ಕೈಮುಗಿದರು. ಎಂಟು ಹತ್ತು ದಿನವಾದ ಮೇಲೆ ನಾನೇ ಹೇಳಿದೆ: ‘ಅತ್ತಿ, ಅಂವ ಸ್ವಾಮಿ ಅಲ್ರೀ, ಜರ್ಮನಿಯಾಂವ.’ ಅತ್ತೆ ಬಹಳ ಹೊತ್ತು ಪಟ ನೋಡಿದರು. ‘ಹಚ್ಚಿದ ಮ್ಯಾಲ ಹಚ್ಚೀನಿ. ನಡುವ ಬಿಟ್ರ ಚಲೋ ಅಲ್ಲ’ ಎಂದರು. ಅಂದಿನಿಂದ ಊದಿನಕಡ್ಡಿಯೂ ಸೇರಿತು, ಅದು ನನ್ನ ಪಾಲಿಗೆ ಬಂತು!

ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂತು. ಅಚ್ಚಿಗೆ ಅಕ್ಷರದ ಸೀಸದ ಮೊಳೆಗಳಿರುತ್ತವೆ. ಒಂದೊಂದೇ ಹೆಕ್ಕಿ ಸಾಲು ಜೋಡಿಸಬೇಕು. ಅಚ್ಚಾದ ಮೇಲೆ ಸಾಲು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪ್ರತಿಯೊಂದನ್ನೂ ಅದರದರ ಖಾನೆಗೆ ಹಾಕಬೇಕು. ಜೋಡಿಸುವುದು ಅವರದು, ತೊಳೆದು ಹಾಕುವುದು ನನ್ನದು. ಶಾಲೆಯ ಮುಖ ನೋಡದವಳು ನಾನು ಅಕ್ಷರ ಕಲಿತದ್ದು ಹೀಗೆ, ಪಾತ್ರೆ ತೊಳೆದಿಟ್ಟ ಹಾಗೆ. ನಮ್ಮಲ್ಲಿದ್ದ ಮೊಳೆಗಳೋ ಬೇಕಾದ್ದಕ್ಕಿಂತ ಕಡಿಮೆ. ಒಂದು ಕಳೆದರೆ ಒಂದು ಮಾತೇ ನಿಲ್ಲುತ್ತಿತ್ತು.

ಒಂದು ದಿನ ರೊಟ್ಟಿ ತಿನ್ನುವಾಗ ಅತ್ತೆ ‘ಅಯ್ಯಯ್ಯೋ’ ಎಂದು ಕೆನ್ನೆ ಹಿಡಿದುಕೊಂಡರು. ಹಲ್ಲು ಮುರಿದಿತ್ತು. ಉಗುಳಿದಾಗ ಹಲ್ಲಿನ ಜೊತೆ ಒಂದು ಸೀಸದ ಮೊಳೆಯೂ ಬಿತ್ತು. ನಮ್ಮವರು ಓಡಿಬಂದರು. ತಾಯಿಯ ಬಾಯಿ ನೋಡಿದರೇ? ಇಲ್ಲ! ಮೊಳೆ ಎತ್ತಿ, ಧೋತರಕ್ಕೆ ಒರೆಸಿ, ಬೆಳಕಿಗೆ ಹಿಡಿದು, ‘ಳ! ಹೋದ ವಾರದಿಂದ ಹುಡುಕಾಕತ್ತಿದ್ದೆ!’ ಎಂದು ಕುಣಿದರು.

ಅತ್ತೆ ಅಂದು ಉಣ್ಣಲಿಲ್ಲ. ಸಂಜೆ ಮಗನನ್ನು ಎದುರಿಗೆ ಕೂಡಿಸಿಕೊಂಡರು.

‘ತಮ್ಮಾ, ನಿನ್ನ ಪೇಪರ್ ಯಾರಿಗೆ ಬೇಕಾಗ್ಯದಲೇ? ಬರದಿ ಬರದಿ, ಸಂತೆಕಲ್ಲೂರ ದಾರಿ ಆತೇನು? ಭಾವಿ ಹೂಳು ತಗದ್ರೇನು?’

‘ಖರೇ ಅದ ಅವ್ವಾ. ಬರದ್ರ ಸಾಲೂದಿಲ್ಲ. ಅದಕ್ಕ ನಾ ಚುನಾವಣಿಗೆ ನಿಲ್ಲಾಂವ!’

ನಾನು ಅಡುಗೆ ಮನೆಯಿಂದಲೇ ಹಣೆ ಚಚ್ಚಿಕೊಂಡೆ. ಅತ್ತೆ ಮಾತ್ರ ಶಾಣ್ಯಾ ಹೆಂಗಸು.

‘ನಿಲ್ಲು. ಸೋತರ?’

‘ಜನಾ ಬ್ಯಾಡ ಅಂದಂಗಾತು. ಮತ್ತ ಅಚ್ಚಿನ ಮೊಳಿ ಮುಟ್ಟೂದಿಲ್ಲ, ಮಸ್ಕಿಗೆ ಬಂದು ನೇಗಿಲಾ ಹಿಡೀತೀನಿ. ನಿನ್ನ ಪಾದದಾಣಿ.’

ಅತ್ತೆ ನನ್ನ ಕಡೆ ನೋಡಿದರು. ನಾನು ಅತ್ತೆಯ ಕಡೆ ನೋಡಿದೆ. ಅಂದಿನಿಂದ ಅವರೂ ನಾನೂ ಸೇರಿ ಲಿಂಗಸುಗೂರಿನ ದೇವರಿಗೆಲ್ಲ ಎಣ್ಣೆ ಹಾಕಿದ್ದೇ ಹಾಕಿದ್ದು, ನಮ್ಮವರು ಸೋಲಲಿ ಎಂದು! ಅಭ್ಯರ್ಥಿಯ ತಾಯಿ, ಹೆಂಡತಿ ಇಬ್ಬರೂ ಇಷ್ಟು ಭಕ್ತಿಯಿಂದ ದೇವರಿಗೆ ಹೋಗುವುದನ್ನು ನೋಡಿ ಜನ ಹೊಗಳುತ್ತಿದ್ದರು.

ನಿಜ ಹೇಳಬೇಕೆಂದರೆ ಎಣ್ಣೆ ದಂಡ. ದೇವರ ಅವಶ್ಯಕತೆಯೇ ಇರಲಿಲ್ಲ, ಆ ಕೆಲಸ ನಮ್ಮವರೇ ಮಾಡಿಕೊಳ್ಳುತ್ತಿದ್ದರು.

ಎದುರು ನಿಂತ ಸಾವುಕಾರರು ಒಂದು ದಿನ ಜೀಪಿನಲ್ಲಿ ನಮ್ಮ ಮನೆಗೇ ಬಂದರು. ದೊಡ್ಡ ಹೊಟ್ಟೆಯ ಮನುಷ್ಯ, ಮಷೀನಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು ನಿಂತರು.

‘ಪೇಪರ್ ಸಾಹೇಬ್ರ, ಕೇಳಾಕ ಸಂಕೋಚ ಆಗ್ತದ. ಹ್ಯಾಂಡ್‌ಬಿಲ್ ಅಚ್ಚ ಹಾಕಸಬೇಕು. ಹತ್ತಿರದಾಗ ನಿಮ್ಮದು ಬಿಟ್ರ ಮತ್ತೊಂದು ಪ್ರೆಸ್ಸಿಲ್ಲ. ಅದರಾಗ ನಿಮ್ಮನ್ನ ಬೈದೀನಿ.’

‘ಅದರಾಗೇನದ ಸಾವುಕಾರ್ರ, ಕೊಡ್ರಿ ನೋಡೂನು.’

ಓದುತ್ತ ಓದುತ್ತ ನಮ್ಮವರ ಮುಖ ಸಣ್ಣದಾಯಿತು. ಪಾಪ, ಬೈಗುಳಕ್ಕೆ ನೊಂದರು ಎಂದು ನಾನು ಕದದ ಹಿಂದೆ ನಿಂತು ನೋಡುತ್ತಿದ್ದೆ.

‘ಸಾವುಕಾರ್ರ, ಎಂಥಾ ಕನ್ನಡ ಬರದೀರಿ! ಬೈದ್ರ ಎದಿಗೆ ನಟಬೇಕು. “ಮನೆ ನಡೆಸಲು ಬಾರದವನು” ಅಂತ ಬರದ್ರ ಯಾರ ಕೇಳ್ತಾರ? ಇಲ್ಲಿ ಬಿಡ್ರಿ, ನಾ ತಿದ್ದತೀನಿ.’

ತಿದ್ದಿದರು! ಎರಡು ದಿನ ಕೂತು ತಿದ್ದಿದರು. ಆಮೇಲೆ ಖುಷಿಯಿಂದ ನನಗೆ ಓದಿ ತೋರಿಸಿದರು: ‘ತನ್ನ ಪಡಸಾಲೆಯಲ್ಲಿ ಹೆಂಡತಿಗೆ ಕಾಲು ಚಾಚಲು ಜಾಗ ಕೊಡದವನು, ಮತದಾರರೇ, ನಿಮಗೇನು ಕೊಟ್ಟಾನು?’

‘ಏನ್ರಿ, ಇದು ನನ್ನ ಮಾತಲ್ಲೇನು?’

‘ಹೌದು! ನೀ ದಿನಾ ಅಂತೀಯಲ್ಲ. ಭಾಳ ಚಲೋ ಮಾತು, ಹಾಳಾಗಬಾರದಂತ ಹಾಕೀನಿ.’

ಆ ಸಾಲು ಸಂತೆಯಲ್ಲಿ ಮಂದಿಯ ಬಾಯಿಗೆ ಹತ್ತಿತು. ಬಳೆಗಾರನಿಂದ ಹಿಡಿದು ಹಿಟ್ಟಿನ ಗಿರಣಿಯವನವರೆಗೆ ನನ್ನನ್ನು ಕಂಡರೆ ‘ಅಕ್ಕಾರ, ಕಾಲು ಚಾಚಾಕ ಜಾಗ ಸಿಕ್ಕಿತೇನ್ರಿ?’ ಎನ್ನುವವರೇ. ಇನ್ನು ನಮ್ಮವರ ಸ್ವಂತ ಹ್ಯಾಂಡ್‌ಬಿಲ್? ಮೊಳೆಗಳೆಲ್ಲ ಸಾವುಕಾರರ ಹ್ಯಾಂಡ್‌ಬಿಲ್ಲಿಗೂ ವಾರದ ಪೇಪರಿಗೂ ಹೋಗಿದ್ದವು. ಸಾವುಕಾರರದನ್ನು ಬಿಚ್ಚಿ ತಮ್ಮದು ಜೋಡಿಸೋಣವೆಂದರೆ ಅವರು ಇನ್ನಷ್ಟು ಪ್ರತಿ ಕೇಳಿದ್ದರು. ‘ಮೊದಲ ಬಂದವ್ರಿಗೆ ಮೊದಲ’ ಎಂದರು ನಮ್ಮವರು. ನಮ್ಮವರದು ಅಚ್ಚಾಗಿ ಒಣಗುವಷ್ಟರಲ್ಲಿ ಮತದಾನ ಮುಗಿದುಹೋಗಿತ್ತು!

ಅಷ್ಟಕ್ಕೆ ನಿಂತಿತೇ? ಪೇಪರಿನಲ್ಲಿ ಇಬ್ಬರು ಅಭ್ಯರ್ಥಿಗಳನ್ನೂ ತೂಗಿ ಒಂದು ಲೇಖನ ಬಂತು. ಮೊಳೆ ತೊಳೆಯುತ್ತ ನಾನು ಕೂಡಿಸಿ ಕೂಡಿಸಿ ಓದಿದೆ. ಸಾವುಕಾರರಿಗೆ ವ್ಯವಹಾರ ಜ್ಞಾನ ಹೆಚ್ಚು, ಪೇಪರಿನವರಿಗೆ ಸಿಟ್ಟು ಹೆಚ್ಚು ಎಂದಿತ್ತು.

‘ಇದನ್ನ ಯಾರ ಬರದಾರ?’

‘ನಾನ.’

‘ನಿಮ್ಮ ಮ್ಯಾಲ ನೀವ ಬರದೀರೇನು?’

‘ಅಭ್ಯರ್ಥಿ ಬ್ಯಾರೆ, ಸಂಪಾದಕ ಬ್ಯಾರೆ. ಸಂಪಾದಕ ಪಕ್ಷಪಾತ ಮಾಡಬಾರದು.’

‘ಹಂಗಾರ ಹೇಳ್ರಿ, ಇವತ್ತ ರೊಟ್ಟಿ ಯಾರಿಗೆ ಹಾಕ್ಲಿ?’

ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಇಬ್ಬರಿಗೂ ಹಸಿವು ಆಗ್ಯದ’ ಎಂದರು. ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು?

ಪ್ರಚಾರಕ್ಕೆಂದು ಬಂಡಿ ಕಟ್ಟಿಕೊಂಡು ಸಂತೆಕಲ್ಲೂರಿಗೆ ಹೋದೆವು. ಹೆಂಗಸರನ್ನು ಮಾತಾಡಿಸಲು ನಾನು ಬೇಕಂತೆ. ಬಂಡಿಯ ಮೇಲೆ ನಿಂತು ನಮ್ಮವರು ಶುರುಮಾಡಿದರು. ಏನನ್ನು? ಜರ್ಮನಿಯವನ ಕಥೆ! ಗೋಡೆಯ ಪಟವನ್ನೂ ಬಿಚ್ಚಿ ತಂದು ಎದೆಗೆ ಹಿಡಿದಿದ್ದರು. ಜೇಲಿನ ಕತ್ತಲೆ, ಒಣ ರೊಟ್ಟಿ, ಕಾಲಿಗೆ ಬೇಡಿ, ಬಾಯಿ ಮುಚ್ಚದ ಅವನ ಪೇಪರು. ನಮ್ಮವರ ಕಣ್ಣಲ್ಲಿ ನೀರು, ಊರಿನವರ ಕಣ್ಣಲ್ಲಿಯೂ ನೀರು. ಒಬ್ಬ ಮುದುಕ ರುಮಾಲಿನಿಂದ ಕಣ್ಣು ಒರೆಸಿಕೊಂಡು ಎದ್ದು ನಿಂತ.

‘ಸಾಹೇಬ್ರ, ಇಂಥಾ ಮನುಷ್ಯಾಗ ಬಿಟ್ಟು ಮತ್ಯಾರಿಗೆ ಹಾಕೂನ್ರಿ? ಊರಿಗಿ ಊರ ಹಾಕ್ತೀವಿ!’

‘ಹಾಕ್ರಿ!’ ಎಂದು ನಮ್ಮವರು ಪಟವನ್ನು ಇನ್ನೂ ಮೇಲೆ ಎತ್ತಿದರು.

ಬಂಡಿ ಊರು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಸೋಲಲಿ ಎನ್ನುವವಳೇ ನಾನು, ಆದರೂ ಒಂದು ಕೆಲಸವನ್ನು ಇಷ್ಟು ಕೆಡಿಸುವುದನ್ನು ನೋಡಿಕೊಂಡು ಸುಮ್ಮನಿರುವುದು ಹೇಗೆ?

‘ನಿಮ್ಮ ಗುರ್ತು ಏಣಿ ಅಂತ ಹೇಳಲಿಲ್ಲಲ್ರೀ? ನಿಮ್ಮ ಹೆಸರಾದ್ರೂ ಹೇಳಿದ್ರೇನು?’

‘ಛೇ, ಅಂಥಾವನ ಕಥಿ ಹೇಳಿ, ಕೊನಿಗೆ ನನ್ನ ಹೆಸರ ಹೇಳಿದ್ರ ಅಸಹ್ಯ ಕಾಣ್ತದ.’

ಆಗಿನ ಮತದಾನವೆಂದರೆ ನಿಂತವರಿಗೆಲ್ಲ ಒಂದೊಂದು ಡಬ್ಬಿ, ಡಬ್ಬಿಗೆ ಅವರವರ ಗುರುತಿನ ಚಿತ್ರ. ನಮಗೆ ಬೇಕಾದವರ ಡಬ್ಬಿಯಲ್ಲಿ ಚೀಟಿ ಹಾಕಿ ಬರುವುದು. ಸಂತೆಕಲ್ಲೂರಿನವರು ಕೊಟ್ಟ ಮಾತಿನಂತೆ ಹೊಸ ಬಟ್ಟೆ ಉಟ್ಟು ಬಂದರಂತೆ. ಒಳಗೆ ಹೋಗಿ ಡಬ್ಬಿಗಳನ್ನೆಲ್ಲ ಹುಡುಕಿದರಂತೆ. ಗಡ್ಡದ ಚಿತ್ರ ಎಲ್ಲಿಯೂ ಇಲ್ಲ! ‘ನಮ್ಮ ಗಡ್ಡದ ಸಾಹೇಬ್ರ ಡಬ್ಬಿ ಎಲ್ಲಿ ಮುಚ್ಚಿಟ್ಟೀರಿ? ಜೇಲಿಗೆ ಹಾಕಿದ್ದು ಸಾಲಲಿಲ್ಲೇನು?’ ಎಂದು ಅಧಿಕಾರಿಯ ಮೈಮೇಲೆ ಹೋದರಂತೆ. ಆ ಅಧಿಕಾರಿಗೆ ತಲೆಯೂ ತಿಳಿಯಲಿಲ್ಲ, ಬುಡವೂ ತಿಳಿಯಲಿಲ್ಲ. ಕೊನೆಗೆ ಅವರಲ್ಲಿ ಬಹಳ ಜನ ಯಾರಿಗೂ ಹಾಕದೆ ಸಿಟ್ಟಿನಿಂದ ಮನೆಗೆ ಹೋದರು. ಮುಂದಿನ ಸಂತೆಗೆ ಬಂದ ಆ ಊರಿನ ಒಬ್ಬ ಹೆಣ್ಣುಮಗಳು ನನಗೆ ಸಮಾಧಾನ ಹೇಳಿದಳು: ‘ಯವ್ವಾ, ನಿಮ್ಮ ಮಂದಿಗೆ ಭಾಳ ಮೋಸ ಆತು. ನಿಮ್ಮ ಮಾವನ ಡಬ್ಬಿನ ಇಟ್ಟಿರಲಿಲ್ಲ.’ ಜರ್ಮನಿಯವನು ನನಗೆ ಮಾವನಾಗಿಬಿಟ್ಟಿದ್ದ!

ಎಣಿಕೆಯಾದದ್ದು ರಾಯಚೂರಿನಲ್ಲಿ. ನಮ್ಮವರು ಸಂಜೆಯ ಬಸ್ಸಿಗೆ ಬಂದರು. ಕಾಲು ತೊಳೆದು, ಒಳಗೆ ಬಂದು, ‘ಸೋತೆ’ ಎಂದರು. ಅಷ್ಟೇ. ಅತ್ತೆ ‘ಶಿವಾ’ ಎಂದು ಹಣೆ ಮುಟ್ಟಿಕೊಂಡರು. ದುಃಖಕ್ಕೋ ಸಂತೋಷಕ್ಕೋ ಶಿವನಿಗೇ ಗೊತ್ತು. ಮಸ್ಕಿಗೆ ಹೇಳಿಕಳಿಸಿ, ಸಾಮಾನು ಒಯ್ಯಲು ಬಂಡಿ ಬರಲೆಂದರು.

ನಾನು ಹುಗ್ಗಿ ಮಾಡಿದೆ. ಯಾಕೆ ಮಾಡಬಾರದು? ನಾನು ಬೇಡಿಕೊಂಡದ್ದು ಆಗಿತ್ತು.

ಅವರು ಒಂದು ಮಾತು ಆಡಿದ್ದರೆ ನನಗೆ ಸಲೀಸಾಗುತ್ತಿತ್ತು. ಜನರನ್ನು ಬೈಯಲಿಲ್ಲ, ಸಾವುಕಾರರನ್ನು ಬೈಯಲಿಲ್ಲ, ಒಂದು ವಾರ ಪೇಪರು ಬರಲಿಲ್ಲ. ಕೊಟ್ಟ ಮಾತಿನಂತೆ ಮೊಳೆ ಕೈಯಲ್ಲಿ ಮುಟ್ಟಲಿಲ್ಲ. ಖಾನೆಗಳನ್ನೇ ಎತ್ತಿ, ಅವುಗಳ ಬಾಯಿಯನ್ನು ಜೋಳದ ಚೀಲಕ್ಕೆ ಬಗ್ಗಿಸಿ, ಎಲ್ಲ ಅಕ್ಷರಗಳನ್ನೂ ಒಂದರ ಮೇಲೊಂದು ಸುರಿದರು. ಆ ಸದ್ದು ಎಂಥದೆಂದು ಹೇಳಲು ನನಗೆ ಬರುವುದಿಲ್ಲ. ನಾನು ಒಂದೊಂದೇ ತೊಳೆದು ಬೇರೆ ಬೇರೆ ಇಟ್ಟವು ಅವು. ಆಮೇಲೆ ಕೈಯಲ್ಲಿ ಅರಿವೆ ಹಿಡಿದು ಮಷೀನಿಗೆ ಎಣ್ಣೆ ಹಚ್ಚಲು ಕೂತರು. ಗಂಡನ ಮನೆಗೆ ಕಳಿಸುವ ಮಗಳ ತಲೆಗೆ ಹಚ್ಚುತ್ತಾರಲ್ಲ, ಹಾಗೆ ನಿಧಾನಕ್ಕೆ. ಯಾರು ಒಯ್ಯುತ್ತಾರೋ ಅದನ್ನು, ಅದಕ್ಕೂ ಗೊತ್ತಿರಲಿಲ್ಲ.

ನಾನು ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಸುಮ್ಮನೆ ಕೂಡುವುದು ನನಗೆ ಆಗಿಬರುವುದಿಲ್ಲ.

‘ಏನ್ರಿ, ಆ ಜರ್ಮನಿಯಾಂವ ಜೇಲಿನ್ಯಾಗ ಇದ್ದನಲ್ಲ, ಆವಾಗ ಪೇಪರ್ ನಿಂತಿತ್ತೇನು?’

ಅವರು ತಿರುಗಿ ನೋಡಲಿಲ್ಲ. ‘ಇಲ್ಲ. ಪ್ರತಿ ವಾರ ಬರ್ತಿತ್ತು.’

‘ಅಂವ ಜೇಲಿನ್ಯಾಗ ಇದ್ರ ಯಾರ ತಗೀತಿದ್ರು?’

‘ಪುಸ್ತಕದಾಗ ಬರದಿಲ್ಲ.’

‘ಅಂವಗ ಲಗ್ನ ಆಗಿತ್ತೇನು?’

‘ಆಗಿತ್ತು.’

‘ಹಂಗಾರ ಬರಿಯೂದೇನದ ಅದರಾಗ!’ ಎಂದೆ. ‘ಮತ್ಯಾರ ತಗೀತಾರ?’

ಅವರ ಕೈ ನಿಂತಿತು. ಅರಿವೆ ಹಿಡಿದ ಕೈ ಹಾಗೆಯೇ ಚಕ್ರದ ಮೇಲೆ ಇತ್ತು. ಮೂರು ವರ್ಷ ಮಾತಿನ ಮೇಲೆ ಮಾತಾಡಿ ನನ್ನ ತಲೆ ತಿಂದ ಮನುಷ್ಯ, ಅಂದು ತಿರುಗಿ ನನ್ನ ಮುಖ ನೋಡುತ್ತ ಕೂತರು. ಎಂಥ ಗಂಡನನ್ನು ಕಟ್ಟಿಕೊಂಡೆನಪ್ಪಾ ಎಂದು ನನಗೂ ಸಿಟ್ಟೇ ಬಂತು. ಅಳು ಬಂದರೆ ಅಳಬೇಕು, ಹೀಗೆ ಕಣ್ಣು ತುಂಬಿಕೊಂಡು ಕೂತರೆ ಎದುರಿಗಿದ್ದವರು ಏನು ಮಾಡಬೇಕು?

‘ನಾ ಅವ್ವಗ ಮಾತ ಕೊಟ್ಟೀನಿ’ ಎಂದರು ಕೊನೆಗೆ.

‘ನೀವ್ ಕೊಟ್ಟೀರಿ. ನಾ ಯಾರಿಗೂ ಕೊಟ್ಟಿಲ್ಲ’ ಎಂದೆ, ಮೊರ ಹಿಡಿದು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಮಸ್ಕಿಯ ಬಂಡಿ ಬಂದಾಗ ಅತ್ತೆಯನ್ನೂ ಅವರ ಗಂಟನ್ನೂ ಹತ್ತಿಸಿ, ‘ನೀವು ಮುಂದ ನಡೀರಿ ಅತ್ತಿ, ನಿಮ್ಮ ಮಗ ನೇಗಿಲಾ ಹಿಡಿಯೂ ಹೊತ್ತಿಗೆ ಬರ್ತಾರ’ ಎಂದೆ. ಅತ್ತೆ ನನ್ನನ್ನು ಬೈದುಕೊಳ್ಳುತ್ತಲೇ ಹೋದರು, ಓಣಿಯ ತುದಿಯವರೆಗೂ ಕೇಳುತ್ತಿತ್ತು. ಆಮೇಲೆ ಚೀಲದ ಬಾಯಿ ಬಿಚ್ಚಿ, ಮೊಳೆಗಳನ್ನು ಪಡಸಾಲೆಯ ನೆಲಕ್ಕೆ ಸುರಿದು, ಕಾಲು ಮಡಚಿ ಕೂತು ಬೇರೆ ಮಾಡಲು ಹಿಡಿದೆ. ನಮ್ಮವರು ಕೈ ಹಿಂದೆ ಕಟ್ಟಿಕೊಂಡು ಕದದ ಹತ್ತಿರ ನಿಂತಿದ್ದರು.

‘ನೀವು ಮುಟ್ಟಬ್ಯಾಡ್ರಿ,’ ಎಂದೆ. ‘ಅಲ್ಲೇ ನಿಂತು ಸುದ್ದಿ ಏನದ ಹೇಳ್ರಿ.’

‘ನಾ ಸೋತೀನಿ.’

‘ಅದು ಊರಿಗೆಲ್ಲಾ ಗೊತ್ತದ. ಬ್ಯಾರೆ ಹೇಳ್ರಿ,’ ಎಂದು ಮೊದಲನೆಯ ಮೊಳೆ ಹೆಕ್ಕಿದೆ.